ಔಡಲೆಣ್ಣೆಯ ಬಟ್ಟೆ

ಹಡಗಲಿಯ ನಮ್ಮ ಹೈಸ್ಕೂಲಿನ ಗಣಿತ ಮಾಸ್ತರು ಚರ್ಮದ ಬೂಟು ಬಿಟ್ಟು ಬೇರೇನೂ ಮೆಟ್ಟುತ್ತಿರಲಿಲ್ಲ. ಕೊಳ್ಳುವಾಗ ಅದನ್ನು ಮೂಗಿಗೆ ಹಿಡಿದು, ಮಡಿಸಿ, ಗೆರೆ ಉಳಿಯುತ್ತದೆಯೇ ಎಂದು ನೋಡುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಕಟ್ಟೆಯ ಮೇಲೆ ಕೂತು, ಹಳೆಯ ಬಟ್ಟೆಯನ್ನು ಔಡಲೆಣ್ಣೆಯಲ್ಲಿ ಅದ್ದಿ ಬೂಟಿಗೆ ತಿಕ್ಕುವರು. ಕೇಳಿದವರಿಗೆಲ್ಲ ಒಂದೇ ಉತ್ತರ: “ತೊಗಲಿಗೂ ನೀರಡಿಕಿ ಆಗತೈತ್ರಿ.”

ಅವರ ಅಪ್ಪ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ಅದು ಸ್ಟಾಫ್‌ರೂಮಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಒಂದು ಶನಿವಾರ ಹೆಡ್‌ಮಾಸ್ತರರು ತಮ್ಮ ಬಿರುಕುಬಿಟ್ಟ ಬೂಟು ಕಳಚಿ ಅವರ ಮುಂದಕ್ಕೆ ಸರಿಸಿದರು.

“ಇದಕ್ಕೂ ಒಂಚೂರು ಹಚ್ಚಿಬಿಡ್ರಿ. ನಿಮ್ಮ ಮಂದಿ ಕೈಗುಣಾನ ಬ್ಯಾರೆ.”

ಉಳಿದ ಮಾಸ್ತರರಾದ ನಾವು ಕೈಯಲ್ಲಿದ್ದ ಚಹಾದ ಲೋಟ ನೋಡುತ್ತ ನಿಂತೆವು.

ಗಣಿತ ಮಾಸ್ತರು ಎದ್ದು ಜಾಗ ಬಿಟ್ಟರು. ಎಣ್ಣೆಯ ಬಟ್ಟೆಯನ್ನು ಹೆಡ್‌ಮಾಸ್ತರರ ಕೈಗಿಟ್ಟು, “ನನ್ನ ಕೆಲಸ ಕಲಿಸೋದ್ರಿ ಸರ. ಕೂಡ್ರಿ” ಎಂದರು.

ಬೇರೆ ದಾರಿ ಕಾಣದೆ ಹೆಡ್‌ಮಾಸ್ತರರು ಕೂತು ತಿಕ್ಕತೊಡಗಿದರು. ಗಣಿತ ಮಾಸ್ತರು ಕೈ ಹಿಂದೆ ಕಟ್ಟಿ ನಿಂತು ನೋಡಿದರು. ಆಮೇಲೆ, ಹುಡುಗರ ಲೆಕ್ಕ ತಿದ್ದುವ ದನಿಯಲ್ಲೇ ಹೇಳಿದರು:

“ಹಿಮ್ಮಡ ಬಿಟ್ರಿ ಸರ. ಮತ್ತೊಮ್ಮೆ ಮಾಡ್ರಿ.”