ಅತ್ತೆಯ ಅವ್ವನ ಪ್ಲೇಟು

ನಮ್ಮ ಮನೆಯಲ್ಲಿ ಕುರ್ಚಿಗಳಿಗೆ ಬರವಿರಲಿಲ್ಲ. ಕೂರಲು ಮಾತ್ರ ಆಗುತ್ತಿರಲಿಲ್ಲ, ಯಾಕೆಂದರೆ ಅವುಗಳ ಮೇಲೆ ಗ್ರಾಮಫೋನುಗಳು ಕೂತಿದ್ದವು. ಬಂದ ನೆಂಟರನ್ನು ಚಾಪೆಯ ಮೇಲೆ ಕೂರಿಸಿ, ಕುರ್ಚಿಯ ಮೇಲಿದ್ದ ಪೆಟ್ಟಿಗೆಯನ್ನೂ ಅದರ ನೆತ್ತಿಯಲ್ಲಿ ಬಾಯಗಲಿಸಿಕೊಂಡಿದ್ದ ಹಿತ್ತಾಳೆಯ ಭೋಂಗಾವನ್ನೂ ನಮ್ಮವರು ಜಗಲಿಯ ದೇವರನ್ನು ತೋರಿಸಿದಂತೆ ತೋರಿಸುತ್ತಿದ್ದರು. ನಾನು ಒಳಗೆ ಚಹಾ ಕುದಿಸುತ್ತ ಹಲ್ಲು ಕಡಿಯುತ್ತಿದ್ದೆ.

ನಮ್ಮವರು ಶಹಾಪುರದಲ್ಲಿ ಕಾಲುವೆ ಇಲಾಖೆಯ ಗುಮಾಸ್ತರು. ನಾನು ಪ್ರಾಥಮಿಕ ಶಾಲೆಯ ಟೀಚರು. ಕ್ಯಾಂಪಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು, ನನ್ನ ಅತ್ತೆ, ರಜೆಗೆ ಬಂದರೆ ಕಲಬುರಗಿಯಲ್ಲಿ ಓದುತ್ತಿದ್ದ ಮಗಳು. ಅಷ್ಟು ಜನಕ್ಕೇ ಆ ಮನೆ ಸಾಲದು. ಅದರೊಳಗೆ ಈ ಪೆಟ್ಟಿಗೆಗಳ ಸಂಸಾರ ಬೇರೆ.

ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕೈಯಲ್ಲಿ ಸ್ವಲ್ಪ ದುಡ್ಡು ಆಡತೊಡಗಿದ್ದೇ ಜನ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದರು. ಕೆಡವುವಾಗ ಅಟ್ಟದ ಮೇಲಿದ್ದ ನಿಜಾಮರ ಕಾಲದ ಸಾಮಾನೆಲ್ಲ ಬೀದಿಗೆ ಬಂತು. ಕೀಲಿ ಕೊಡುವ ಗಡಿಯಾರ, ಕಟ್ಟಿಗೆ ಪೆಟ್ಟಿಗೆಯ ವಾಲ್ವ್ ರೇಡಿಯೋ, ಗ್ರಾಮಫೋನು. ಮಂದಿಗೆ ಅದು ಕಸ. ನಮ್ಮವರ ಸಿದ್ಧಾಂತವೇ ಬೇರೆ: ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಮನುಷ್ಯ ಮಾಡಬೇಕಾದ ಚೆಂದದ ವಸ್ತುಗಳನ್ನೆಲ್ಲ ಮಾಡಿ ಮುಗಿಸಿದ್ದಾನೆ, ಆಮೇಲೆ ಬಂದದ್ದೆಲ್ಲ ಬರೀ ಪ್ಲಾಸ್ಟಿಕ್ಕು. ಕೆಲಸದ ಮೇಲೆ ಹಳ್ಳಿಗೆ ಹೋದರೆ ಬರುವಾಗ ಬಸ್ಸಿನ ಮೇಲೆ ಒಂದು ಗಂಟು ಇದ್ದೇ ಇರುತ್ತಿತ್ತು.

"ಆಗಿನ ಕಾಲದ ಮಾಲ್ ನೋಡು, ಹೆಂಗದ" ಎನ್ನುತ್ತಿದ್ದರು.

"ಮಾಲ್ ಛಲೋ ಅದರಿ. ಇಡಾಕ ಜಾಗಾ ಎಲ್ಲದ?" ಎಂದರೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಹುಚ್ಚು ಹತ್ತಿದ್ದಕ್ಕೆ ಕಾರಣ ಸಣ್ಣದೇನಲ್ಲ, ಅದನ್ನು ಒಪ್ಪುತ್ತೇನೆ. ಕಾರಣ ನನ್ನ ಅತ್ತೆ. ಅವರ ಅವ್ವ ಸುರಪುರದ ಕಡೆಯವಳು. ಗಂಡ ಸತ್ತ ಮೇಲೆ, ಇನ್ನೂ ಮಾತು ಕಲಿಯುತ್ತಿದ್ದ ಕೂಸನ್ನು ಕೆಂಭಾವಿಯ ತನ್ನ ಅಣ್ಣನ ಮನೆಯಲ್ಲಿ ಬಿಟ್ಟು ನಾಟಕ ಕಂಪನಿಯ ಜೊತೆ ಹೊರಟುಹೋದಳು. ಹಾಡು ಚೆನ್ನಾಗಿತ್ತಂತೆ. ಯಾವುದೋ ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಅವಳ ಹಾಡಿನ ಒಂದು ಗ್ರಾಮಫೋನ್ ಪ್ಲೇಟನ್ನೂ ಮಾಡಿಸಿದ್ದರು. ಅದಾದ ಸ್ವಲ್ಪ ದಿನಕ್ಕೇ ಪರ ಊರಿನಲ್ಲಿ ಜ್ವರ ಬಂದು ತೀರಿಕೊಂಡಳು. ಆ ಪ್ಲೇಟು ಕೆಂಭಾವಿಯ ಗೌಡರ ಮನೆಗೆ ಬಂದಾಗ ಊರೆಲ್ಲ ಕೇಳಿತು. ಕೇಳಲು ಬಾಗಿಲಿಗೆ ಹೋಗಿದ್ದ ಅತ್ತೆಯನ್ನು ಸೋದರಮಾವ ಕಿವಿ ಹಿಡಿದು ಎಳೆದುಕೊಂಡು ಬಂದನಂತೆ. ತಂಗಿ ಮನೆತನದ ಮಾನ ಕಳೆದಳು ಎಂಬ ಸಿಟ್ಟು ಅವನಿಗೆ.

ಸಿಟ್ಟು ಅತ್ತೆಗೂ ಇತ್ತು. ಆ ಸೋದರಮಾವನ ಮನೆಯಲ್ಲಿ ಸಗಣಿ ಬಳಿದು, ಅವನ ಹೆಂಡತಿಯ ಬೈಗುಳ ತಿಂದು ಬೆಳೆದವರು ಅವರು. ಅವ್ವನ ಮುಖ ನೆನಪಿಲ್ಲ, ದನಿ ನೆನಪಿಲ್ಲ, ಒಂದು ಫೋಟೋ ಇಲ್ಲ. "ನನ್ನ ಬಿಟ್ಟು ಹೋಗೂವಾಗ ಕರುಳು ಚುರ್ ಅನ್ನಲಿಲ್ಲೇನು ಅಕಿಗಿ?" ಎಂದು ಜೋಳ ಹಸನು ಮಾಡುತ್ತ ಮೊರಕ್ಕೆ ಕೇಳುತ್ತಿದ್ದರು. ಮಗನಿಗೆ ಹೇಳಿದ್ದು ಒಂದೇ ಮಾತು: "ನಾ ಸಾಯೂದ್ರಾಗ ಒಮ್ಮಿ ಅಕಿ ದನಿ ಕೇಳಸು. ಕೇಳಿ ನಾಕ್ ಮಾತು ಬೈದು ಹೊಕ್ಕೀನಿ."

ಮಗ ಪ್ಲೇಟು ಹುಡುಕಲು ಹೊರಟರು. ಪ್ಲೇಟು ಸಿಕ್ಕರೆ ಹಚ್ಚಲು ಮಷೀನು ಬೇಕಲ್ಲ ಎಂದು ಮೊದಲು ಮಷೀನು ತಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ. ಆ ಮಷೀನಿನ ಸ್ಪ್ರಿಂಗು ಹೋಗಿತ್ತು, ಅದಕ್ಕಾಗಿ ಇನ್ನೊಂದು ಬಂತು. ಇನ್ನೊಂದರ ಭೋಂಗಾ ಸೊಟ್ಟಗಿತ್ತು, ಅದಕ್ಕಾಗಿ ಮತ್ತೊಂದು. ಯಾದಗಿರಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರು ಇದೇ ಹುಚ್ಚಿನವರು ಗಂಟುಬಿದ್ದರು. ಇಬ್ಬರೂ ಸೇರಿದರೆ ಮುಗಿಯಿತು. ತಿರುಗುವ ತಟ್ಟೆಯ ವೇಗ ಒಂದು ಕೂದಲೆಳೆ ಹೆಚ್ಚೋ ಕಡಿಮೆಯೋ ಎಂದು ಇಡೀ ಭಾನುವಾರ ವಾದ. ಆ ಕಾಲದ ಗುಂಡು ಟೋಪಿ, ಆ ಕಾಲದ ಬಿಸ್ಕೀಟಿನ ಡಬ್ಬಿ, ಆ ಕಾಲದ ನಾಟಕದ ಪರದೆಯ ಚೂರು. ಅತ್ತೆಯ ಪ್ಲೇಟಿನ ಮಾತು ಯಾವಾಗ ಹಿಂದೆ ಬಿತ್ತೋ ಅವರಿಗೇ ಗೊತ್ತಾಗಲಿಲ್ಲ.

ನನ್ನ ಪಾಡು ಕೇಳಬೇಡಿ. ಗ್ರಾಮಫೋನಿನ ಉಕ್ಕಿನ ಸೂಜಿ ಒಂದು ಹಾಡಿಗೆ ಒಂದು, ಆಮೇಲೆ ಎಸೆಯಬೇಕು. ಅದು ಯಾದಗಿರಿ ಬಜಾರಿನಲ್ಲಿ ಎಲ್ಲಿ ಸಿಗಬೇಕು? ಅದಕ್ಕೆ ಜಾಲಿ ಮುಳ್ಳು. ಒಣಗಿದ ಜಾಲಿ ಮುಳ್ಳನ್ನು ಸೂಜಿಯ ಜಾಗದಲ್ಲಿ ಸಿಕ್ಕಿಸಿದರೆ ದನಿ ಮೆತ್ತಗೆ ಬರುತ್ತದೆ, ಪ್ಲೇಟೂ ಸವೆಯುವುದಿಲ್ಲ. ನಿಜ ಇರಬಹುದು. ಆದರೆ ಕಾಲುವೆ ದಂಡೆಯಿಂದ ಕೊಯ್ದು ತಂದ ಮುಳ್ಳನ್ನು ನಾನು ಸಂಡಿಗೆ ಹಾಕುವ ಅರಿವೆಯ ಮೇಲೆ ಒಣಗಿಸಬೇಕೇ? ಊರ ಮಂದಿ ಕಾಲಿಗೆ ಚುಚ್ಚೀತೆಂದು ಜಾಲಿ ಕಡಿದು ಒಗೆಯುತ್ತಾರೆ, ನಮ್ಮವರು ಆರಿಸಿ ಮನೆಗೆ ತರುತ್ತಾರೆ. ನನ್ನ ಕಾಲಿಗೆ ನೆಟ್ಟಾಗ, "ಮುರೀಲಿಲ್ಲಲ್ಲ?" ಎಂದು ಕೇಳಿದ್ದು ಮುಳ್ಳಿನ ಬಗ್ಗೆ.

ನಾನೇ ಜಗಳ ತೆಗೆದು ಅವರನ್ನು ಕೆಂಭಾವಿಗೆ ಕಳಿಸಿದೆ. ಪ್ಲೇಟು ಮೊದಲು ಬಂದದ್ದು ಅಲ್ಲಿಗೇ ತಾನೇ. ಸಂಜೆ ತಿರುಗಿ ಬಂದವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಗೌಡರ ಮೊಮ್ಮಗ ಇವರ ಮಾತು ಕೇಳಿ, ಒಳಗಿನಿಂದ ಒಂದು ಕುಡಗೋಲು ತಂದು ಕೈಗೆ ಕೊಟ್ಟನಂತೆ. "ನಿಮ್ಮ ಪ್ಲೇಟು ಇದರಾಗ ಅದರಿ" ಅಂದನಂತೆ.

ಆ ಕಾಲದ ಪ್ಲೇಟುಗಳಲ್ಲಿ ಇರುವುದು ಅರಗು. ಕುಡಗೋಲಿನ ಬುಡವನ್ನು ಕಟ್ಟಿಗೆಯ ಹಿಡಿಯಲ್ಲಿ ಕೂರಿಸುವುದೂ ಅರಗು ಕಾಯಿಸಿಯೇ. ನಮ್ಮ ಕಡೆಯ ರೈತರಿಗೆ ಕಾದ ಅರಗಿನ ವಾಸನೆ ಹುಟ್ಟಿನಿಂದ ಗೊತ್ತು. ಬಿಸಿಲಿಗೆ ಬಿದ್ದ ಪ್ಲೇಟು ವಾಸನೆ ಬಿಟ್ಟಿದ್ದೇ ತಡ, ಭತ್ತದ ಸುಗ್ಗಿಯಲ್ಲಿ ಅಂಗಡಿಯ ಅರಗು ಯಾಕೆ ತರಬೇಕೆಂದು ಗೌಡರ ಮನೆಯವರು ಎಲ್ಲವನ್ನೂ ಒಡೆದು ಕಾಯಿಸಿಬಿಟ್ಟಿದ್ದರು. ನಮ್ಮವರು ಕುಡಗೋಲನ್ನೇ ಬೇಡಿ ತರಲು ಹೊರಟಿದ್ದರಂತೆ. ತಂದಿದ್ದರೆ ನಾನು ತವರಿಗೆ ಹೋಗಿಬಿಡುತ್ತಿದ್ದೆ. ವಿಷಯ ಕೇಳಿದ ಅತ್ತೆ, "ಅಲ್ಲೂ ಅಕಿ ನನಗ ಸಿಗಲಿಲ್ಲ ನೋಡು" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಅಷ್ಟೊತ್ತಿಗೆ ಅತ್ತೆಯ ಕಿವಿ ಕೈಕೊಡತೊಡಗಿತ್ತು. ಮೊದಲು ಎಡಗಿವಿ ಹೋಯಿತು. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೆ ಪಕ್ಕದಲ್ಲೇ ಕೂತವರಿಗೆ ಗೊತ್ತಾಗದು. ಯಾದಗಿರಿಯ ಡಾಕ್ಟರು ನೋಡಿ, ಬಲಗಿವಿಯೂ ಬಹಳ ದಿನ ಉಳಿಯುವುದಿಲ್ಲ ಎಂದರು. ಹೊರಗೆ ಬಂದ ಮೇಲೆ ನಮ್ಮವರಿಗೆ, "ಇನ್ನ ಮ್ಯಾಲ ಬ್ಯಾರೆ ಏನೂ ಹುಡುಕಬ್ಯಾಡ್ರಿ. ಆ ಪ್ಲೇಟೊಂದ ಹುಡುಕ್ರಿ. ಅಂಥದ ಇನ್ನೊಂದು ಯಾರ ಮನ್ಯಾಗರೆ ಇದ್ದೀತು" ಎಂದೆ.

ದೇವರು ದೊಡ್ಡವನು, ಗೋಗಿ ಹಳ್ಳಿಯಲ್ಲಿ ಸಿಕ್ಕಿತು. ಒಂದು ಮನೆಯಲ್ಲಿ ತೊಗರಿ ಬೀಜದ ಗಡಿಗೆಯ ಬಾಯಿಗೆ ಮುಚ್ಚಳ ಮಾಡಿಟ್ಟಿದ್ದರು. ನಡುವಿನ ತೂತಿಗೆ ಅರಿವೆಯ ಚೂರು ತುರುಕಿ, ಅಂಚಿಗೆ ಸಗಣಿ ಮೆತ್ತಿದ್ದರು. ಮನೆಯಾಕೆಗೆ ಬದಲಿಗೆ ಸ್ಟೀಲಿನ ತಟ್ಟೆ ಕೊಟ್ಟು ತಂದರು. ತೊಳೆದಾಗ ನಡುವಿನ ಕೆಂಪು ಕಾಗದದ ಮೇಲೆ ಅತ್ತೆಯ ಅವ್ವನ ಹೆಸರು, ಕೆಳಗೆ ಸುರಪುರ ಎಂದು ಸಣ್ಣ ಅಕ್ಷರ. ಅತ್ತೆಗೆ ಓದು ಬರುವುದಿಲ್ಲ. ಬೆರಳಿನಿಂದ ಆ ಅಕ್ಷರಗಳನ್ನು ಸವರಿ, "ಹಚ್ಚು" ಎಂದರು.

ನಮ್ಮವರು ಹಚ್ಚಲಿಲ್ಲ.

ಇಂದಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಪ್ಲೇಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯಂತೆ. ಇಂಥದ್ದನ್ನು ಎಂಥದರ ಮೇಲೋ ಹಚ್ಚಬಾರದಂತೆ. ದೊಡ್ಡ ಭೋಂಗಾದ ಮಷೀನೇ ಆಗಬೇಕು. ಆದರೆ ಅದರ ಸೂಜಿ ಸಿಕ್ಕಿಸುವ ದನಿಪೆಟ್ಟಿಗೆಯ ಅಭ್ರಕದ ಬಿಲ್ಲೆ ಒಡೆದು ಹೈದರಾಬಾದಿಗೆ ರಿಪೇರಿಗೆ ಹೋಗಿದೆ. ಅದು ಬರಲಿ, ಯಾದಗಿರಿಯ ಗೆಳೆಯರು ಬರಲಿ, ನಾಲ್ಕು ಜನರ ಮುಂದೆ ಒಂದು ಕಾರ್ಯಕ್ರಮದ ಹಾಗೆ ಹಚ್ಚೋಣ.

"ಅಷ್ಟು ಮಾಡೂದ್ರಾಗ ಅತ್ತಿ ಕಿವಿ ಹೋಗ್ತಾವ್ರಿ" ಎಂದೆ.

"ಇಷ್ಟು ವರ್ಷ ತಡದಾಳ, ಇನ್ನೊಂದೀಟು ತಡೀಲಿ. ತಪ್ಪು ಮಷೀನಿನ ಮ್ಯಾಲ ಕೇಳಿದ್ರ ಅದು ಅಕಿ ದನೀನ ಅಲ್ಲ."

ಪ್ಲೇಟನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಹೈದರಾಬಾದಿನ ರಿಪೇರಿಯವನು ಇವತ್ತು ನಾಳೆ ಎನ್ನುತ್ತಲೇ ಇದ್ದ. ಅತ್ತೆ ಒಂದೆರಡು ಸಲ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಕೇಳಿದರೆ ಬರುವ ಉತ್ತರವೂ ಅವರಿಗೆ ಕೇಳಿಸುತ್ತಿರಲಿಲ್ಲ, ಜೋರಾಗಿ ಕೂಗಿ ಹೇಳಬೇಕಾಗುತ್ತಿತ್ತು. ಆಗಲೇ ಅವರು ದಿನಕ್ಕೆ ಎರಡು ಮಾತಿಗೆ ಇಳಿದಿದ್ದರು.

ಒಂದು ಭಾನುವಾರ ಬೆಳಗ್ಗೆ ಹಾಲಿನವನು ಅತ್ತೆಯ ಬಲಗಡೆಯೇ ನಿಂತು ಕೂಗಿದ. ಮೂರನೇ ಸಲ ಕೂಗಿದಾಗಷ್ಟೇ ಅವರು ತಿರುಗಿದರು. ನಾನು ಹಾಲು ಹಾಕಿಸಿಕೊಂಡು ಒಳಗೆ ಬಂದೆ. ಇನ್ನು ಕಾಯುವುದಿಲ್ಲ ಎಂದು ನಿರ್ಧರಿಸಿದೆ.

ನಮ್ಮವರು ಯಾದಗಿರಿಗೆ ಹೋಗಿದ್ದರು, ಹೈದರಾಬಾದಿನಿಂದ ದನಿಪೆಟ್ಟಿಗೆ ರೈಲಿನಲ್ಲಿ ಬರುತ್ತದೆಂದು. ಮನೆಯಲ್ಲಿ ನಡೆಯುವ ಸ್ಥಿತಿಯಲ್ಲಿದ್ದದ್ದು ಸೂಟ್‌ಕೇಸಿನಂಥ ಒಂದು ಸಣ್ಣ ಮಷೀನು. ಅದನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ವರ್ಷಗಟ್ಟಲೆ ಧೂಳು ಒರೆಸಿ ಒರೆಸಿ ಅವೆಲ್ಲ ಹೇಗೆ ನಡೆಯುತ್ತವೆಂದು ನನಗೂ ಗೊತ್ತಾಗಿತ್ತು. ಟ್ರಂಕು ತೆರೆದೆ, ಪ್ಲೇಟು ತೆಗೆದೆ, ಕೀಲಿ ಕೊಟ್ಟೆ, ಹೊಸ ಜಾಲಿ ಮುಳ್ಳು ಸಿಕ್ಕಿಸಿದೆ. ಅತ್ತೆಯನ್ನು ಮಷೀನಿನ ಪಕ್ಕ ಕೂರಿಸಿ, ದನಿ ಬರುವ ಬಾಯಿಗೆ ಬಲಗಿವಿ ತಾಗುವಷ್ಟು ಬಗ್ಗಿಸಿದೆ.

ಮೊದಲು ಬಾಣಲೆಯಲ್ಲಿ ಎಣ್ಣೆ ಕಾದ ಹಾಗೆ ಚರಚರ ಸದ್ದು. ಆಮೇಲೆ ಹಾಡು. ನಾಟಕದ ಯಾವುದೋ ರಾಣಿ ದುಃಖ ತೋಡಿಕೊಳ್ಳುವ ಪದ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಲೆಂದು ಎತ್ತರದ ದನಿಯಲ್ಲಿ, ಪುಸ್ತಕದ ಭಾಷೆಯಲ್ಲಿ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ತಲೆ ಅಲ್ಲಾಡಿಸಿದರು.

"ಯಾರೋ ಹಾಡಾಕತ್ತಾರ" ಎಂದರು. "ಯಾರಂಬೂದು ಗೊತ್ತಾಗವಲ್ದು."

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮವರು. ಕೈಯಲ್ಲಿ ಹೈದರಾಬಾದಿನ ಪಾರ್ಸಲ್ಲು. ನನ್ನನ್ನು ನೋಡಿದರು, ಸಣ್ಣ ಮಷೀನನ್ನು ನೋಡಿದರು, ಅದರ ಮೇಲೆ ತಿರುಗುತ್ತಿದ್ದ ಪ್ಲೇಟನ್ನು ನೋಡಿದರು.

"ಏನ್ ಮಾಡಾಕತ್ತೀ? ಯಾರು ಹಚ್ಚಂದ್ರು ಅದನ್ನ? ಮುಳ್ಳು ತಗಿ ಮೊದ್ಲ" ಎಂದು ಮುಂದೆ ಬಂದರು. ನಾನು ಮಷೀನಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಹಾಡು ಮುಗಿಯಿತು. ಹಾಡು ಮುಗಿದರೂ ಪ್ಲೇಟು ಮುಗಿದಿರಲಿಲ್ಲ. ಚರಚರ ಸದ್ದಿನ ನಡುವೆ ಒಂದು ಉಸಿರು, ಆಮೇಲೆ ಮಾತು. ಹಾಡಿದ ಮೇಲೆ ಸುಮ್ಮನಿರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದರೂ ತಿಳಿದಿರಲಿಲ್ಲವೋ. ಎದುರಿಗೆ ನಿಂತು ರೆಕಾರ್ಡು ಮಾಡಿಕೊಳ್ಳುತ್ತಿದ್ದ ಸಾಹೇಬನಿಗೆ ಸಣ್ಣ ದನಿಯಲ್ಲಿ, ಅಪ್ಪಟ ಸುರಪುರದ ಮಾತಿನಲ್ಲಿ ಕೇಳಿದ್ದಳು:

"ಸಾಕೇನ್ರಿ? ಇನ್ನೊಮ್ಮಿ ಹಾಡ್ಲೇನ್ರಿ?"

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಇನ್ನೊಮ್ಮಿ ಹಚ್ಚು" ಎಂದರು. "ಹಾಡು ಬ್ಯಾಡ. ಅಕಿ ಮಾತಾಡಿದ್ದಷ್ಟ ಹಚ್ಚು."

ಮುಳ್ಳನ್ನು ಕೊನೆಯ ಗೆರೆಗಳ ಮೇಲೆ ಇಟ್ಟೆ. ಮತ್ತೆ ಇಟ್ಟೆ. ನಮ್ಮವರು ಪಾರ್ಸಲ್ಲನ್ನು ನೆಲಕ್ಕಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಸವೆಯುತ್ತದೆ ಎನ್ನಲಿಲ್ಲ. ಕೀಲಿ ಸಡಿಲಾದಾಗ ತಾವೇ ತಿರುವಿದರು.

"ಎಷ್ಟು ಸಣ್ಣಾಕಿ ಅದಾಳೋ ಇಕಿ" ಎಂದರು ಅತ್ತೆ ಮಗನಿಗೆ. "ನಿನ್ನ ಮಗಳ ವಯಸ್ಸಿನಾಕಿ. ಅಂಜ್ಯಾಳ ನೋಡು, ದನಿ ನಡಗಾಕತ್ತದ."

ನಾನು ಮುಳ್ಳನ್ನೆತ್ತಿ ಮತ್ತೆ ಅದೇ ಗೆರೆಗಳ ಮೇಲೆ ಇಟ್ಟೆ.

"ಇಷ್ಟು ದಿನ ಯಾವಾಕಿನೋ ದೊಡ್ಡ ಹೆಂಗಸಿನ ಮ್ಯಾಲ ಸಿಟ್ಟು ಮಾಡ್ಕೊಂಡು ಕುಂತಿದ್ದೆ" ಎಂದರು ಅತ್ತೆ. "ಈ ಹುಡುಗಿಗಿ ಏನಂತ ಬೈಲಿ?"

ನಮ್ಮವರು ಇನ್ನೊಮ್ಮೆ ಕೀಲಿ ತಿರುವಿದರು. ಪ್ಲೇಟು ತಿರುಗಿತು, ಆ ಹುಡುಗಿ ಮತ್ತೆ ಕೇಳಿದಳು. ಎಪ್ಪತ್ತರ ಹತ್ತಿರದ ನನ್ನ ಅತ್ತೆ ಪೆಟ್ಟಿಗೆಯ ಬಾಯಿಗೆ ಮುಖವಿಟ್ಟು ಉತ್ತರ ಕೊಟ್ಟರು.

"ಸಾಕು ಮಗಳ. ಛಲೋ ಹಾಡೀದಿ."