ತಿರ್ಲಾಪುರದ ರಸ್ತೆಯಲ್ಲಿ ಬಸ್ಸಿಗೆ ಅಡ್ಡ ನಿಂತ ಹುಡುಗಿ

ಮಹಿಳೆಯರಿಗೆ ಉಚಿತ ಪ್ರಯಾಣ ಶುರುವಾದ ಮರುವರ್ಷ. ನಾನಾಗ ನವಲಗುಂದದ ಸುತ್ತಲಿನ ಹಳ್ಳಿ ಬಸ್ಸುಗಳಲ್ಲಿ ಕಂಡಕ್ಟರ್. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಆ ಮಧ್ಯಾಹ್ನ ತಿರ್ಲಾಪುರದಿಂದ ನವಲಗುಂದಕ್ಕೆ ಹೊರಟಿದ್ದೆವು. ಡ್ರೈವರ್ ಮಹಾಂತೇಶ, ಮಾತು ಕಡಿಮೆಯ ಮನುಷ್ಯ.

ಊರು ದಾಟಿ ಸ್ವಲ್ಪ ಹೊತ್ತಿಗೆ ಹತ್ತಿ ಹೊಲದಿಂದ ಒಬ್ಬ ಹುಡುಗಿ ಓಡಿಬಂದು ರಸ್ತೆ ನಡುವೆ ನಿಂತು ಎರಡೂ ಕೈ ಎತ್ತಿದಳು. ಮಹಾಂತೇಶ ಬ್ರೇಕ್ ಒತ್ತಿದ. ಬಸ್ ಹತ್ತಿದ ಹುಡುಗಿಗೆ ಹತ್ತು ವರ್ಷ ಇರಬಹುದು. ಬರಿಗಾಲು, ಮೊಣಕಾಲಿನವರೆಗೆ ಎರೆಮಣ್ಣು. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್ ತೆಗೆಯುತ್ತ, ಎಲ್ಲಿಗೆ ಎಂದು ಕೇಳಿದೆ.

"ಎಲ್ಲೆರೆ ಹೋಗ್ಲಿರಿ ಅಕ್ಕಾರ, ಮದ್ಲ ಬಸ್ ಬಿಡ್ರಿ."

ಬಸ್ಸು ಹೊರಟಿತು. ನೀರು ಕುಡಿಸಿದ ಮೇಲೆ ಹೇಳಿದಳು. ಹೆಸರು ರೇಣವ್ವ. ಕಾಕಾನ ಜೊತೆ ಕುರಿ ಕಾಯುತ್ತಿದ್ದಳು. ಇಬ್ಬರು ಗಂಡಸರು ಪಿಕಪ್ ವಾಹನ ತಂದು ಕುರಿಗಳನ್ನು ಹೇರತೊಡಗಿದರು. ತಡೆಯಲು ಹೋದ ಕಾಕಾನ ತಲೆಗೆ ಬಡಿಗೆಯಿಂದ ಹೊಡೆದರು.

"ಕಾಕಾ ಮ್ಯಾಲೆ ಏಳವಲ್ಲ್ರಿ. ನಾ ಅವರ ಮಾರಿ ನೋಡೀನಿ. ಅದಕ್ಕ ನನ್ನ ಬೆನ್ನು ಹತ್ಯಾರ."

ಹೊಲದ ಗುರುತು ಕೇಳಿಕೊಂಡು ಪೊಲೀಸರಿಗೆ ಫೋನ್ ಮಾಡಿದೆ. ಮಾತು ಮುಗಿಯುವಷ್ಟರಲ್ಲಿ ಒಂದು ಪಿಕಪ್ ಹಾರ್ನ್ ಹೊಡೆಯುತ್ತ ಬಂದು ಬಸ್ಸಿಗೆ ಅಡ್ಡ ನಿಂತಿತು. ಅದರಿಂದ ಇಳಿದವನೊಬ್ಬ ನಮ್ಮ ಬಾಗಿಲಿಗೆ ಬಂದ.

"ನಮಸ್ಕಾರ್ರಿ. ನಮ್ಮ ಅಣ್ಣನ ಮಗಳು. ಸಾಲಿ ತಪ್ಪಿಸಿ ಓಡಿ ಬಂದಾಳ. ಇಳಸ್ರಿ."

ಅವನ ದನಿ ಮೆತ್ತಗಿತ್ತು. ಮನೆಯಲ್ಲಿ ಸಿಟ್ಟು ಮಾಡಿಕೊಂಡು ಬಸ್ ಹತ್ತಿದ ಮಕ್ಕಳನ್ನು ನಾನೂ ನೋಡಿದ್ದೆ. ಹುಡುಗಿ ಹೇಳಿದ್ದಕ್ಕೆ ನನ್ನ ಬಳಿ ಬೇರೆ ಆಧಾರವಿರಲಿಲ್ಲ.

"ಆಕಿ ಹೆಸರೇನ್ರಿ?" ಎಂದೆ.

ಅವನು ಅವಳ ಕಡೆ ನೋಡಿದ. "ಹೆಸರು ತಗೊಂಡು ನೀವೇನ್ ಮಾಡ್ತೀರಿ?" ಎನ್ನುತ್ತ ಮೆಟ್ಟಿಲ ಮೇಲೆ ಕಾಲಿಟ್ಟ.

ಮುಂದಿನ ಸೀಟಿನ ಅಜ್ಜಿ ರೇಣವ್ವನನ್ನು ಕಿಟಕಿ ಕಡೆಗೆ ಸರಿಸಿ ತಾನು ಈಚೆ ಕುಳಿತಳು. ನಾಲ್ಕೈದು ಮಂದಿ ಎದ್ದು ನನ್ನ ಹಿಂದೆ ನಿಂತರು. ಅಷ್ಟು ಜನರನ್ನು ಕಂಡು ಅವನು ಕಾಲು ಹಿಂದಕ್ಕೆ ತೆಗೆದ. ನಾನು ಬಾಗಿಲು ಎಳೆದು ಚಿಲಕ ಹಾಕಿದೆ.

"ಮಾಂತೇಶ, ಹೊಡಿ ಗಾಡಿ."

ಹಿಂದಿನ ದಿನ ಮಳೆಯಾಗಿತ್ತು. ಅಡ್ಡ ನಿಂತ ಪಿಕಪ್ಪನ್ನು ಸುತ್ತಿಕೊಂಡು ಹೋಗಲು ಎಡಗಡೆಯ ಚಕ್ರಗಳನ್ನು ಎರೆನೆಲಕ್ಕೆ ಇಳಿಸಲೇಬೇಕಿತ್ತು. ಇಳಿಸಿದ. ಹಿಂದಿನ ಚಕ್ರ ನಿಂತಲ್ಲೇ ತಿರುಗತೊಡಗಿತು. ಆ ಮನುಷ್ಯ ಕಿಟಕಿಗೆ ಬಡಿಯುತ್ತಿದ್ದ. ಮಹಾಂತೇಶ ಎರಡು ಸಲ ಹಿಂದೆ ಮುಂದೆ ಮಾಡಿದ. ಮೂರನೆಯ ಸಲಕ್ಕೆ ಬಸ್ಸು ಜಗ್ಗಿ ಡಾಂಬರಿಗೆ ಏರಿತು.

ಪಿಕಪ್ ಬೆನ್ನಟ್ಟಿತು. ಹಿಂಬದಿಯ ಗಾಜಿನಲ್ಲಿ ಅದರ ಮೇಲೆ ತುಂಬಿದ್ದ ಕುರಿಗಳ ತಲೆಗಳು ಕಾಣುತ್ತಿದ್ದವು. ನಾವು ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಒಬ್ಬ ಪ್ರಯಾಣಿಕ, "ನಮ್ಮೂರ ಹಿಂದ ಹೋತ್ರಿ. ಇರ್ಲಿ ಬಿಡ್ರಿ, ತಿರುಗಿ ಬರೂವಾಗ ಇಳೀತೀನಿ," ಎಂದ.

ನವಲಗುಂದ ಹತ್ತಿರವಾದಾಗ ಪಿಕಪ್ ಅಡ್ಡದಾರಿ ಹಿಡಿಯಿತು. ನಾವು ಬಸ್ಸನ್ನು ಸೀದಾ ಪೊಲೀಸ್ ಠಾಣೆಗೆ ಒಯ್ದೆವು. ನಾನು ಕಿರಿಯ ಅಧಿಕಾರಿಗೆ ಎಲ್ಲ ಹೇಳಿ ಮುಗಿಸುವವರೆಗೂ ರೇಣವ್ವ ನನ್ನ ಸಮವಸ್ತ್ರದ ಅಂಚನ್ನು ಬಿಡಲಿಲ್ಲ.

ಫೋನ್ ಬಂದ ಕೂಡಲೇ ಹೊರಟಿದ್ದ ಪೊಲೀಸರಿಗೆ ಕಾಕಾ ಹೊಲದಲ್ಲಿ ಸಿಕ್ಕಿದ್ದ. ಉಸಿರಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬದುಕಿಕೊಂಡ. ಮಾತು ಮಾತ್ರ ಈಗಲೂ ತಡವರಿಸುತ್ತದೆ. ಅಂದು ಸಂಜೆಯೊಳಗೆ ಪಿಕಪ್ಪಿನ ಇಬ್ಬರೂ ಸಿಕ್ಕಿಬಿದ್ದರು. ರೇಣವ್ವ ಅವರನ್ನು ಗುರುತಿಸಿದಳು.

ಸ್ಟಾಪ್ ಬಿಟ್ಟಿದ್ದಕ್ಕೆ ಮೇಲಧಿಕಾರಿಗಳು ಕಾರಣ ಕೇಳಿದರು, ಬರೆದುಕೊಟ್ಟೆ. ಅಂದು ಬಾಗಿಲಲ್ಲಿ ನಿಂತಾಗ ಹುಡುಗಿಯ ಮಾತು ನಿಜವೆಂದು ನನಗೆ ಖಾತ್ರಿ ಇರಲಿಲ್ಲ. ಅದು ಸುಳ್ಳಾಗಿದ್ದರೆ ಠಾಣೆಯಲ್ಲಿ ಅವಳ ಮನೆಯವರ ಬೈಗುಳ ಕೇಳಿ ಬರುತ್ತಿದ್ದೆ, ಅಷ್ಟೇ. ಹೆದರಿದ ಮಗುವನ್ನು ಯಾರ ಕೈಗಾದರೂ ಒಪ್ಪಿಸುವ ಮೊದಲು ಆ ಬೈಗುಳಕ್ಕೆ ತಯಾರಾಗಿರಬೇಕು ಎಂಬುದನ್ನು ನನ್ನ ಕೆಲಸ ಕೊನೆಯ ತಿಂಗಳುಗಳಲ್ಲಿ ಕಲಿಸಿತು.