ಮೂರು ಸಾಲು ಶೇಂಗಾ

ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಒಡೆಯಬೇಕೆನ್ನುವುದು ನಮ್ಮ ಅಪ್ಪಾಜಿಯ ಕಟ್ಟಪ್ಪಣೆ. ಮಷೀನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಹರಿಯುತ್ತದೆ, ಸಿಪ್ಪೆ ಹರಿದ ಬೀಜ ಮಣ್ಣಿನಲ್ಲಿ ಕೊಳೆಯುತ್ತದೆ. ಹಾಗಾಗಿ ಎಪ್ಪತ್ತರ ದಶಕದ ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಕೂಡ್ಲಿಗಿ ಹತ್ತಿರದ ನಮ್ಮೂರ ಮನೆಯ ಪಡಸಾಲೆಯಲ್ಲಿ, ಶೇಂಗಾಕಾಯಿ ರಾಶಿಯ ಮುಂದೆ. ಕಾನ್ವೆಂಟ್ ಹಾಸ್ಟೆಲಿನಿಂದ ಬಂದ ವಾರದಲ್ಲೇ ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಏಳುತ್ತಿತ್ತು.

ಅದು ಸಾಲದೆಂಬಂತೆ ಅಪ್ಪಾಜಿ ನಮಗೊಂದು ಪರೀಕ್ಷೆಯನ್ನೂ ಇಟ್ಟಿದ್ದರು. ಒಡೆಯುವುದು ಮುಗಿದ ದಿನ ಅಣ್ಣ, ಅಕ್ಕ, ನಾನು ಒಡೆದ ಅರ್ಧರ್ಧ ಸೇರು ಬೀಜವನ್ನು ಬೇರೆ ಬೇರೆ ಗಂಟು ಕಟ್ಟಿ, ಮಳೆ ಬಿದ್ದ ಮೇಲೆ ಹೊಲದ ಬದುವಿನ ಪಕ್ಕ ಒಬ್ಬೊಬ್ಬರದೂ ಒಂದೊಂದು ಸಾಲು ಬಿತ್ತಿಸುವರು. ಎಂಟು ಹತ್ತು ದಿನಕ್ಕೆ ಫಲಿತಾಂಶ ನೆಲದ ಮೇಲೆಯೇ ಕಾಣುವುದು.

ಅಂಥದೊಂದು ವರ್ಷ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಕೊಟ್ಟೂರಿನ ಕಾಲೇಜಿನ ಫಾರಂ ತುಂಬಿ ಟ್ರಂಕಿನಲ್ಲಿಟ್ಟಿದ್ದಳು. ಅಪ್ಪಾಜಿಯ ಸಹಿಯೊಂದೇ ಬಾಕಿ. ಅವರು, ಹುಡುಗಿ ಓದಿದ್ದು ಸಾಕೆಂದುಬಿಟ್ಟರು. ಅವಳ ಪರವಾಗಿ ಜಗಳಕ್ಕಿಳಿದವನು ಅಣ್ಣ. ಊರಿಗೆಲ್ಲ ಕೇಳುವಂತೆ ಕೂಗಾಡಿ, ಊಟ ಬಿಟ್ಟು, ಕೊನೆಗೆ ಬಂದು ಶೇಂಗಾ ಒಡೆಯಲು ಕೂತ. ಅಕ್ಕ ಒಂದು ಮಾತೂ ಆಡಲಿಲ್ಲ. ನಾನಂತೂ ಯಾವಾಗಲೂ "ಹ್ಞೂಂ ಅಪ್ಪಾಜಿ" ಎನ್ನುವವಳು. ಹಾಗೆ ಅಂದವಳೇ, ಅವರು ಆಚೆ ಹೋದೊಡನೆ ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದೆ. ಅದು ಮನೆಯಲ್ಲಿ ದೊಡ್ಡ ಅಪರಾಧ, ಬೀಜಕ್ಕೆ ಬೂಸ್ಟು ಹಿಡಿಯುತ್ತದೆಂದು.

ಮಳೆ ಬೇಗ ಬಿತ್ತು, ಬಿತ್ತನೆಯೂ ಬೇಗ ಆಯಿತು. ನನ್ನ ರಜೆ ಮುಗಿಯುವ ಮೊದಲೇ ಅಪ್ಪಾಜಿ ಮೂವರನ್ನೂ ಹೊಲಕ್ಕೆ ಕರೆದೊಯ್ದರು. ಅಣ್ಣನ ಸಾಲು ಹೊಲಿಗೆ ಹಾಕಿದ ಹಾಗೆ ಒಂದೂ ತಪ್ಪದೆ ಎದ್ದಿತ್ತು. ಅಷ್ಟು ಕೂಗಾಡಿದವನ ಬೀಜ ಅಷ್ಟು ಅಚ್ಚುಕಟ್ಟು. ನನ್ನದು ಅಲ್ಲೊಂದು ಇಲ್ಲೊಂದು. ಅಳಿಲು ತಿಂದಿರಬೇಕು ಎಂದೆ.

"ಆ ಅಳಿಲಿಗೆ ಹೇಳು, ಮುಂದಿನ ವರ್ಷ ಕಾಯಿಗೆ ನೀರು ಚಿಮುಕಿಸಬ್ಯಾಡ ಅಂತ," ಎಂದು ಅಪ್ಪಾಜಿ ಮುಂದೆ ನಡೆದರು.

ಅಕ್ಕನ ಸಾಲಿನಲ್ಲಿ ಒಂದು ಎಲೆಯೂ ಇರಲಿಲ್ಲ. ಅಪ್ಪಾಜಿ ಕುಕ್ಕರುಗಾಲಲ್ಲಿ ಕೂತು ಕೆಂಪು ಮಣ್ಣು ಕೆದಕಿ ಒಂದು ಬೀಜ ತೆಗೆದರು, ಮತ್ತೊಂದು ತೆಗೆದರು. ಎರಡರಲ್ಲೂ ಮೊಳಕೆ ಬರುವ ಮೂತಿಯ ಮೇಲೆ ಉಗುರಿನ ಗೆರೆ. ಅಣ್ಣ ತಕ್ಷಣ ಮುಂದೆ ಬಂದು, ಅದು ತನ್ನ ಕೆಲಸವೆಂದ.

"ನಿನಗ ಬೈಯಾಕ ಬರ್ತೈತಿ ಲೇ, ಕೆಡಸಾಕ ಬರಂಗಿಲ್ಲ. ಸುಮ್ನಿರು," ಎಂದರು ಅಪ್ಪಾಜಿ.

ಅಕ್ಕ ಸೆರಗು ಸರಿಮಾಡಿಕೊಂಡಳು. "ನಾನ ಚಿವುಟೀನ್ರಿ, ಒಂದೊಂದ. ನೀವು ಮಾತು ಕೇಳಂಗಿಲ್ಲ ಅಪ್ಪಾಜಿ, ಸಾಲು ನೋಡ್ತೀರಿ. ಅದಕ."

ಅರ್ಧ ಸೇರಿನಲ್ಲಿ ಎಷ್ಟು ಬೀಜ ಇರುತ್ತವೆಂದು ನನಗೆ ಗೊತ್ತಿತ್ತು. ಅಪ್ಪಾಜಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಆ ಎರಡು ಬೀಜಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಎದ್ದಾಗ ಹೇಳಿದ್ದು ಇಷ್ಟೇ: "ನಾಳಿ ಮುಂಜಾನಿ ಬ್ಯಾರೆ ಬೀಜ ಹಾಕಿ ಈ ಸಾಲು ನೀನ ತುಂಬು. ಆಮ್ಯಾಲೆ ಫಾರಂ ತಗೊಂಡು ಬಾ. ಹನ್ನೊಂದರ ಬಸ್ಸಿಗೆ ಕೊಟ್ಟೂರಿಗೆ ಹೋಗಾಣ."

ಮರುದಿನ ಅಕ್ಕ ಇಡೀ ಸಾಲನ್ನು ಒಬ್ಬಳೇ ತುಂಬಿದಳು. ನಮ್ಮನ್ನು ಹತ್ತಿರ ಸೇರಿಸಲಿಲ್ಲ. ಬಸ್ಸು ತಪ್ಪೀತೆಂದು ಹೊಲದಿಂದ ಓಡಿಬಂದು ಟ್ರಂಕು ತೆರೆದು ಫಾರಂ ತಂದಾಗ ಅದರ ಮೂಲೆಯಲ್ಲಿ ಅವಳ ಹೆಬ್ಬೆರಳಿನ ಕೆಮ್ಮಣ್ಣು ಮೆತ್ತಿತ್ತು. ಅಪ್ಪಾಜಿ ಕನ್ನಡಕ ಏರಿಸಿ ಆ ಕಲೆಯನ್ನೇ ನೋಡಿದರು.

"ಕೈ ತೊಳಕೊಂಡು ಬರಬಾರದೇನವ್ವ," ಎಂದು ಗೊಣಗಿ, ಅದರ ಪಕ್ಕದಲ್ಲೇ ಸಹಿ ಹಾಕಿದರು.